ಪಂಚ್ ಹೊಡೆದ ಸಮಯ, ಕೈಗೆ ಬರುವ ಸಂಬಳ: ಫ್ಯಾಕ್ಟರಿ ಸಾಫ್ಟ್‌ವೇರ್‌ನಲ್ಲಿ ಹಾಜರಿ ಮತ್ತು ಓಟಿ ನಿಯಮ ಹಾಕುವುದು ಹೇಗೆ?

“ಅಣ್ಣಾ, ಈ ತಿಂಗಳು ನನ್ನ ಓಟಿ ಆರು ಗಂಟೆ ಕಮ್ಮಿ ಬಂದಿದೆಯಲ್ಲ?”

“ಸಿಸ್ಟಂನಲ್ಲಿ ಹಾಗೇ ಬಂದದ್ದು ಮಾರಾಯ, ನಾನೇನು ಮಾಡ್ಲಿ?”

ಸಂಬಳದ ವಾರದಲ್ಲಿ ಮುಸಫ್ಫಾ, ಜೆಬೆಲ್ ಅಲಿ, ಶಾರ್ಜಾದ ಸಜಾ, ಹಮ್ರಿಯಾ ಕಡೆಯ ಫ್ಯಾಕ್ಟರಿಗಳ ಟೈಮ್ ಆಫೀಸಿನ ಕಿಟಕಿಯಲ್ಲಿ ಇಂಥ ಮಾತು ಹೊಸದಲ್ಲ. ಎಷ್ಟೋ ಕಡೆ ಕಿಟಕಿಯ ಎರಡೂ ಬದಿಯಲ್ಲಿ ನಮ್ಮವರೇ ಇರುತ್ತಾರೆ. ಹೊರಗೆ ಫ್ಯಾಬ್ರಿಕೇಟರ್, ವೆಲ್ಡರ್, ಮೆಷಿನ್ ಆಪರೇಟರ್. ಒಳಗೆ ಟೈಮ್ ಕೀಪರ್, ಅಕೌಂಟೆಂಟ್, ಪ್ರೊಡಕ್ಷನ್ ಕ್ಲರ್ಕ್.

ಸಿಸ್ಟಂ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಎಷ್ಟು ನಿಮಿಷ ತಡವಾದರೆ ಕಟ್, ಊಟದ ಗಂಟೆ ಯಾವಾಗ ಕಳೆಯಬೇಕು, ಓಟಿ ಎಲ್ಲಿಂದ ಶುರು ಎಂಬುದನ್ನೆಲ್ಲ ಸಾಫ್ಟ್‌ವೇರ್ ಹಾಕಿದ ದಿನ ಯಾರೋ ಒಬ್ಬರು ಕೂತು ತುಂಬಿಸಿರುತ್ತಾರೆ. ಆ ನಿಯಮ ತಪ್ಪಾಗಿದ್ದರೆ ಪ್ರತಿ ತಿಂಗಳೂ ಅದೇ ತಪ್ಪು ಎಲ್ಲರ ಸಂಬಳದಲ್ಲೂ ಬರುತ್ತದೆ. ಆದ್ದರಿಂದ ನಿಯಮ ಹಾಕುವವರಿಗೂ ಆ ನಿಯಮದ ಕೆಳಗೆ ದುಡಿಯುವವರಿಗೂ ಉಪಯೋಗವಾಗಲಿ ಎಂದು ಈ ಲೇಖನ. ಲೆಕ್ಕಗಳು ಯುಎಇ ಕಾನೂನಿನ ಪ್ರಕಾರ ಇವೆ. ಉಳಿದ ಗಲ್ಫ್ ದೇಶಗಳ ಮುಖ್ಯ ಅಂಕಿಗಳು ಕೊನೆಯಲ್ಲಿವೆ.

ಮೊದಲು ಕಾನೂನಿನ ಅಂಕಿಗಳು

ಸಾಫ್ಟ್‌ವೇರ್ ತೆರೆಯುವ ಮೊದಲು ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಯುಎಇಯಲ್ಲಿ ಖಾಸಗಿ ಕಂಪನಿಗಳಿಗೆ ಅನ್ವಯಿಸುವುದು 2021ರ 33ನೇ ಸಂಖ್ಯೆಯ ಫೆಡರಲ್ ಕಾರ್ಮಿಕ ಕಾನೂನು. ಇದು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ.

- ಸಾಮಾನ್ಯ ಕೆಲಸದ ಅವಧಿ ದಿನಕ್ಕೆ 8 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಬಾರದು.
- ಸತತವಾಗಿ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಡುವೆ ಒಟ್ಟು ಕನಿಷ್ಠ 1 ಗಂಟೆ ಬ್ರೇಕ್ ಕೊಡಬೇಕು. ಈ ಬ್ರೇಕ್ ಕೆಲಸದ ಗಂಟೆಗೆ ಸೇರುವುದಿಲ್ಲ.
- ಓಟಿ ದಿನಕ್ಕೆ 2 ಗಂಟೆ ಮೀರಬಾರದು. ಒಟ್ಟು ಕೆಲಸ 3 ವಾರಕ್ಕೆ 144 ಗಂಟೆ ದಾಟಬಾರದು.
- ಓಟಿಗೆ ಬೇಸಿಕ್ ಸಂಬಳದ ಗಂಟೆ ದರ ಮತ್ತು ಅದರ ಮೇಲೆ ಕನಿಷ್ಠ 25 ಶೇಕಡಾ. ರಾತ್ರಿ 10ರಿಂದ ಬೆಳಗಿನ ಜಾವ 4ರೊಳಗಿನ ಓಟಿಗೆ ಕನಿಷ್ಠ 50 ಶೇಕಡಾ. ಆದರೆ ಈ ರಾತ್ರಿ ದರ ಶಿಫ್ಟ್ ಪದ್ಧತಿಯಲ್ಲಿ ದುಡಿಯುವವರಿಗೆ ಅನ್ವಯಿಸುವುದಿಲ್ಲ.
- ವಾರದ ರಜೆಯಂದು ಕರೆದರೆ ಬದಲಿ ರಜೆ ಕೊಡಬೇಕು. ಇಲ್ಲವೇ ಆ ದಿನದ ಸಂಬಳದ ಜೊತೆ ಬೇಸಿಕ್‌ನ ಕನಿಷ್ಠ 50 ಶೇಕಡಾ ಸೇರಿಸಿ ಕೊಡಬೇಕು.
- ರಂಜಾನ್ ತಿಂಗಳಲ್ಲಿ ದಿನಕ್ಕೆ 2 ಗಂಟೆ ಕಡಿತ. ಯುಎಇಯಲ್ಲಿ ಇದು ಉಪವಾಸ ಮಾಡುವವರಿಗೆ ಮಾತ್ರ ಎಂದಿಲ್ಲ, ಎಲ್ಲರಿಗೂ ಸಿಗುತ್ತದೆ.

ಇವು ಕನಿಷ್ಠ ಮಿತಿಗಳು. ನಿಮ್ಮ ಕಾಂಟ್ರಾಕ್ಟ್‌ನಲ್ಲಿ ಇದಕ್ಕಿಂತ ಒಳ್ಳೆಯ ಷರತ್ತು ಇದ್ದರೆ ಸಿಸ್ಟಂನಲ್ಲಿ ಅದನ್ನೇ ಹಾಕಬೇಕು.

ಒಂದು ಲೆಕ್ಕ ಮಾಡಿಟ್ಟುಕೊಳ್ಳೋಣ. ಬೇಸಿಕ್ 1,200 ದಿರ್ಹಂ ಇರುವ ಒಬ್ಬ ಹೆಲ್ಪರ್. ಬೇಸಿಕ್ ಅನ್ನು 30 ದಿನ, 8 ಗಂಟೆಯಿಂದ ಭಾಗಿಸುವ ರೂಢಿಯಂತೆ ಗಂಟೆಗೆ 5 ದಿರ್ಹಂ. ಸಾಧಾರಣ ಓಟಿ 6.25, ರಾತ್ರಿ ದರ 7.50. ಮುಂದಿನ ಉದಾಹರಣೆಗಳಲ್ಲೆಲ್ಲ ಇವನದೇ ಲೆಕ್ಕ.

ಫ್ಯಾಕ್ಟರಿಯಲ್ಲಿ ಎರಡು ಗಡಿಯಾರ

ಆಫೀಸಿನ ಹಾಜರಿಗೂ ಫ್ಯಾಕ್ಟರಿಯ ಹಾಜರಿಗೂ ವ್ಯತ್ಯಾಸ ಇದೆ. ಫ್ಯಾಕ್ಟರಿಯಲ್ಲಿ ಒಬ್ಬನ ಸಮಯ ಎರಡು ಕಡೆ ದಾಖಲಾಗುತ್ತದೆ.

ಒಂದು, ಗೇಟಿನ ಪಂಚ್. ಒಳಗೆ ಬಂದದ್ದು ಎಷ್ಟು ಗಂಟೆಗೆ, ಹೊರಗೆ ಹೋದದ್ದು ಎಷ್ಟು ಗಂಟೆಗೆ ಎಂಬುದು. ಇದು ಸಂಬಳಕ್ಕೆ.

ಎರಡು, ಜಾಬ್ ಸಮಯ. ಯಾವ ಆರ್ಡರಿನ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದು. ಜಾಬ್ ಕಾರ್ಡ್‌ನ ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಇಲ್ಲವೇ ಶಾಪ್‌ಫ್ಲೋರ್‌ನ ಟಚ್ ಸ್ಕ್ರೀನ್‌ನಲ್ಲಿ ‘ಸ್ಟಾರ್ಟ್’, ‘ಎಂಡ್’ ಒತ್ತಿ ಇದನ್ನು ದಾಖಲಿಸುತ್ತಾರೆ. ಇದು ಆ ಆರ್ಡರಿಗೆ ತಗಲಿದ ಖರ್ಚು ಲೆಕ್ಕ ಹಾಕಲು.

ಎಪಿಕಾರ್, ಎಸ್‌ಎಪಿ, ಇನ್ಫರ್, ಓಡೂ ಮುಂತಾದ ಸಾಫ್ಟ್‌ವೇರ್‌ಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಜಾಗ ಇದೆ. ಸೆಟ್ಟಿಂಗ್ ಮಾಡುವಾಗ ನೆನಪಿಡಬೇಕಾದ್ದು: ಸಂಬಳ ಗೇಟಿನ ಪಂಚ್‌ನಿಂದ, ಖರ್ಚಿನ ಲೆಕ್ಕ ಜಾಬ್ ಸಮಯದಿಂದ. ಎರಡನ್ನೂ ಹೋಲಿಸಿ ನೋಡಿ, ಆದರೆ ಜಾಬ್ ಸಮಯದ ಮೇಲೆ ಗಂಟೆ ಲೆಕ್ಕದ ಸಂಬಳ ಹಾಕಬೇಡಿ. ಹಾಕಿದರೆ ಕ್ರೇನ್‌ಗೆ ಕಾದ ಅರ್ಧ ಗಂಟೆ, ಪ್ಲೇಟ್ ಬರಲಿಲ್ಲ ಎಂದು ಕೂತ ಒಂದು ಗಂಟೆ, ಮೆಷಿನ್ ಕೆಟ್ಟು ನಿಂತ ಮಧ್ಯಾಹ್ನ ಎಲ್ಲವೂ ಸಂಬಳ ಇಲ್ಲದ ಸಮಯವಾಗಿಬಿಡುತ್ತದೆ. ಮೆಟೀರಿಯಲ್ ತರಿಸುವುದು ಹೆಲ್ಪರ್‌ನ ಕೈಯಲ್ಲಿಲ್ಲ. ಕಂಪನಿ ಹೇಳಿದಂತೆ ಅವನು ಸ್ಥಳದಲ್ಲೇ ಇದ್ದಾನೆ.

ಶಿಫ್ಟ್: ಮಧ್ಯರಾತ್ರಿ ದಾಟುವ ಡ್ಯೂಟಿ

ಶಿಫ್ಟ್ ತುಂಬುವಾಗ ಶುರು, ಮುಗಿಯುವ ಸಮಯ, ಬ್ರೇಕ್ ಶುರು, ಬ್ರೇಕ್ ಮುಗಿಯುವ ಸಮಯ ಇವು ನಾಲ್ಕನ್ನು ಕೇಳುತ್ತದೆ. ಡೇ ಶಿಫ್ಟ್‌ಗೆ ತೊಂದರೆ ಇಲ್ಲ. ಗೊಂದಲ ಆಗುವುದು ನೈಟ್ ಶಿಫ್ಟ್‌ಗೆ.

ರಾತ್ರಿ 8ಕ್ಕೆ ಪಂಚ್ ಇನ್, ಮರುದಿನ ಬೆಳಿಗ್ಗೆ 7ಕ್ಕೆ ಪಂಚ್ ಔಟ್ ಎಂದುಕೊಳ್ಳಿ. ಸಿಸ್ಟಂ ಮಧ್ಯರಾತ್ರಿ 12ಕ್ಕೆ ದಿನ ಮುಗಿಸುವಂತೆ ಹಾಕಿದ್ದರೆ ಮೊದಲ ದಿನ ‘ಔಟ್ ಇಲ್ಲ’, ಎರಡನೇ ದಿನ ‘ಇನ್ ಇಲ್ಲ’ ಎಂದು ಬರುತ್ತದೆ. ಕೆಲವು ಕಡೆ ಎರಡೂ ದಿನ ಆಬ್ಸೆಂಟ್ ಬೀಳುತ್ತದೆ. ಇದನ್ನು ತಪ್ಪಿಸಲು ‘ಶಿಫ್ಟ್ ಶುರುವಾದ ದಿನಕ್ಕೇ ಇಡೀ ಡ್ಯೂಟಿ ಸೇರಲಿ’ ಎಂಬ ನಿಯಮ ಹಾಕಬೇಕು. ದಿನ ಬದಲಾಗುವ ಗಂಟೆಯನ್ನು ಯಾರೂ ಡ್ಯೂಟಿಯಲ್ಲಿರದ ಹೊತ್ತಿಗೆ ಸರಿಸುವುದು ಇನ್ನೊಂದು ದಾರಿ. ಆದರೆ 24 ಗಂಟೆ ನಡೆಯುವ ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್, ಗ್ಲಾಸ್ ಫರ್ನೇಸ್‌ನಂಥ ಕಡೆ ಅಂಥ ಹೊತ್ತೇ ಇರುವುದಿಲ್ಲ. ಅಲ್ಲಿ ಮೊದಲನೇ ದಾರಿಯೇ ಗತಿ.

ವಾರದ ರಜೆಯಲ್ಲೂ ಒಂದು ಹಳೆಯ ಅಭ್ಯಾಸ ಉಳಿದಿದೆ. ‘ಶುಕ್ರವಾರ ಅಂದರೆ ರಜೆ’ ಎಂದು ಇಡೀ ಕಂಪನಿಗೆ ಒಂದೇ ಸೆಟ್ಟಿಂಗ್ ಹಾಕಿಬಿಡುತ್ತಾರೆ. ಈಗಿನ ಕಾನೂನಿನಲ್ಲಿ ವಾರದ ರಜೆ ಯಾವ ದಿನ ಎಂಬುದು ಕಾಂಟ್ರಾಕ್ಟ್‌ನಲ್ಲಿ ಬರೆದಂತೆ. ಒಬ್ಬನಿಗೆ ಭಾನುವಾರ, ಇನ್ನೊಬ್ಬನಿಗೆ ಶುಕ್ರವಾರ ಇರಬಹುದು. ಹಾಗಾಗಿ ರಜೆಯನ್ನು ಪ್ರತಿಯೊಬ್ಬರ ಹೆಸರಿನ ಎದುರು ಹಾಕಬೇಕು.

ರಂಜಾನ್‌ನಲ್ಲಿ ಆಗುವ ತಪ್ಪು ಇನ್ನೂ ಸೂಕ್ಷ್ಮ. ಶಿಫ್ಟ್ ಸಮಯ ಬದಲಿಸುತ್ತಾರೆ, ಆದರೆ ‘8 ಗಂಟೆ ಮೇಲೆ ಓಟಿ’ ಎಂಬ ಸಂಖ್ಯೆ ಹಾಗೇ ಉಳಿಯುತ್ತದೆ. ಆಗ 6 ಗಂಟೆಯ ದಿನದಲ್ಲಿ 8 ಗಂಟೆ ದುಡಿದವನಿಗೆ ಓಟಿ ಸೊನ್ನೆ. ಎರಡನ್ನೂ ಒಟ್ಟಿಗೆ ಬದಲಿಸಬೇಕು. ಚಂದ್ರದರ್ಶನದ ಮೇಲೆ ದಿನ ನಿಗದಿಯಾಗುವುದರಿಂದ ರಂಜಾನ್ ಕ್ಯಾಲೆಂಡರ್ ಮೊದಲೇ ಸಿದ್ಧ ಮಾಡಿಟ್ಟು, ಪ್ರಕಟಣೆ ಬಂದ ಮೇಲೆ ತಾರೀಕು ಹಾಕಿದರೆ ಸಾಕು.

ಬಯಲಲ್ಲಿ ಕೆಲಸ ಇರುವ ಫ್ಯಾಬ್ರಿಕೇಶನ್ ಯಾರ್ಡ್‌ಗಳಿಗೆ ಇನ್ನೊಂದು ಕ್ಯಾಲೆಂಡರ್ ಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ದುಡಿಸುವಂತಿಲ್ಲ. ಯಾರ್ಡಿನ ಶಿಫ್ಟ್‌ಗೆ ಆ ಎರಡೂವರೆ ಗಂಟೆಯನ್ನು ಬ್ರೇಕ್ ಎಂದು ಹಾಕಿ. ಆ ಹೊತ್ತಿನಲ್ಲಿ ಯಾರ್ಡಿನ ಜಾಬ್ ಸ್ಟಾರ್ಟ್ ಆದರೆ ಸೂಪರ್‌ವೈಸರ್‌ಗೆ ಎಚ್ಚರಿಕೆ ಹೋಗಬೇಕು.

ಗ್ರೇಸ್ ಮತ್ತು ರೌಂಡಿಂಗ್: ನಿಮಿಷ ಸೋರುವ ಜಾಗ

ಗ್ರೇಸ್ ಅಂದರೆ ಎಷ್ಟು ನಿಮಿಷ ತಡವಾದರೂ ಮಾಫಿ ಎಂಬುದು. ರೌಂಡಿಂಗ್ ಅಂದರೆ ಪಂಚ್ ಸಮಯವನ್ನು 5, 10 ಅಥವಾ 15 ನಿಮಿಷದ ಹತ್ತಿರದ ಗುರುತಿಗೆ ಸರಿಸುವುದು. ಎರಡೂ ಬೇರೆ ಬೇರೆ, ಒಟ್ಟಿಗೆ ಸೇರಿದಾಗ ತೊಂದರೆ.

ಡ್ಯೂಟಿ 8ಕ್ಕೆ, ಗ್ರೇಸ್ 5 ನಿಮಿಷ, ರೌಂಡಿಂಗ್ 15 ನಿಮಿಷ. ನಮ್ಮ ಹೆಲ್ಪರ್ 8:06ಕ್ಕೆ ಪಂಚ್ ಹೊಡೆದ. ಗ್ರೇಸ್ ಒಂದು ನಿಮಿಷ ದಾಟಿತು. ‘ಇನ್ ಸಮಯ ಯಾವಾಗಲೂ ಮುಂದಕ್ಕೆ’ ಎಂದು ಹಾಕಿದ್ದರೆ ಅವನ ಸಮಯ 8:15 ಆಗುತ್ತದೆ. 9 ನಿಮಿಷ ಹೋಯಿತು. ಸಂಜೆ 5ಕ್ಕೆ ಡ್ಯೂಟಿ ಮುಗಿದ ಮೇಲೆ ಫೋರ್‌ಮನ್ ಹೇಳಿದ ಕೆಲಸ ಮುಗಿಸಿ 6:10ಕ್ಕೆ ಹೊರಟ. ‘ಔಟ್ ಸಮಯ ಯಾವಾಗಲೂ ಹಿಂದಕ್ಕೆ’ ಎಂದಿದ್ದರೆ 6:00 ಆಗುತ್ತದೆ. ಅಲ್ಲೂ 10 ನಿಮಿಷ ಹೋಯಿತು.

ದಿನಕ್ಕೆ 9 ನಿಮಿಷದಂತೆ 26 ದಿನಕ್ಕೆ 3 ಗಂಟೆ 54 ನಿಮಿಷ. ಒಬ್ಬನಿಗೆ 19.50 ದಿರ್ಹಂ ಅಷ್ಟೇ, ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜ್ ಕಮಿಷನ್‌ನಷ್ಟು. ಅದಕ್ಕೇ ಯಾರೂ ಕೇಳಲು ಹೋಗುವುದಿಲ್ಲ. ಆದರೆ 200 ಜನರಿಗೆ ಅದೇ ಆದರೆ ತಿಂಗಳಿಗೆ 780 ಗಂಟೆ, 3,900 ದಿರ್ಹಂ. ಯಾರೂ ಕದಿಯಬೇಕೆಂದು ಹಾಕಿದ ನಿಯಮ ಅಲ್ಲದಿರಬಹುದು. ಸಾಫ್ಟ್‌ವೇರ್ ಹಾಕಲು ಬಂದವರು ಮೊದಲೇ ಇದ್ದ ಸೆಟ್ಟಿಂಗ್ ಹಾಗೇ ಬಿಟ್ಟು ಹೋಗಿರಬಹುದು. ಪರಿಣಾಮ ಮಾತ್ರ ಒಂದೇ.

ಎಪಿಕಾರ್‌ನಲ್ಲಿ ಬೇಗ ಬಂದವರಿಗೆ, ತಡವಾಗಿ ಬಂದವರಿಗೆ, ಬೇಗ ಹೊರಟವರಿಗೆ, ತಡವಾಗಿ ಹೊರಟವರಿಗೆ ಬೇರೆ ಬೇರೆ ನಿಮಿಷ ತುಂಬಿಸಬಹುದು. ಓಡೂವಿನ ಕೆಲವು ಆವೃತ್ತಿಗಳಲ್ಲಿ ಹೆಚ್ಚುವರಿ ಸಮಯ ಲೆಕ್ಕ ಹಾಕಲು ಕಂಪನಿಗೆ ಅನುಕೂಲವಾಗಿ ಬಿಡುವ ನಿಮಿಷ, ನೌಕರನಿಗೆ ಅನುಕೂಲವಾಗಿ ಬಿಡುವ ನಿಮಿಷ ಎಂದು ಎರಡು ಖಾನೆಗಳೇ ಇವೆ. ಒಂದು ಖಾನೆ ತುಂಬಿಸಿ ಇನ್ನೊಂದನ್ನು ಖಾಲಿ ಬಿಟ್ಟಿದ್ದಾರೆಯೇ ನೋಡಿದರೆ ನಿಯಮ ಯಾರ ಕಡೆ ವಾಲಿದೆ ಎಂದು ಗೊತ್ತಾಗುತ್ತದೆ.

ಸರಿಯಾದ ದಾರಿ ಎರಡು. ಪಂಚ್ ಆದಷ್ಟು ನಿಮಿಷವನ್ನೇ ಲೆಕ್ಕ ಹಾಕುವುದು ಅತ್ಯುತ್ತಮ. ಕಂಪ್ಯೂಟರ್‌ಗೆ ನಿಮಿಷ ಕೂಡಿಸುವುದು ಭಾರವಲ್ಲ. ರೌಂಡಿಂಗ್ ಬೇಕೇ ಬೇಕು ಎಂದಾದರೆ ಇನ್, ಔಟ್ ಎರಡನ್ನೂ ಹತ್ತಿರದ ಗುರುತಿಗೆ ಸರಿಸಬೇಕು. ಆಗ 8:06 ಎಂಬುದು 8:00 ಆಗುತ್ತದೆ, 8:08 ಎಂಬುದು 8:15 ಆಗುತ್ತದೆ. ಒಂದು ದಿನ ಹೋದದ್ದು ಇನ್ನೊಂದು ದಿನ ಬರುತ್ತದೆ.

ಬೇಗ ಬಂದವರ ವಿಷಯವನ್ನೂ ಇಲ್ಲೇ ಹೇಳಬೇಕು. ಕ್ಯಾಂಪ್ ಬಸ್ 7:30ಕ್ಕೇ ಬಂದು, 7:35ಕ್ಕೆ ಪಂಚ್ ಆಗಿ, ಕೆಲಸ 8ಕ್ಕೆ ಶುರುವಾದರೆ ಆ 25 ನಿಮಿಷಕ್ಕೆ ಸಂಬಳ ಇಲ್ಲ ಎಂಬುದನ್ನು ಒಪ್ಪಬಹುದು. ಆದರೆ 7:45ಕ್ಕೆ ಸೇಫ್ಟಿ ಮೀಟಿಂಗ್ ಇದೆ, ಎಲ್ಲರೂ ಹೆಲ್ಮೆಟ್ ಹಾಕಿ ಸಾಲಾಗಿ ನಿಲ್ಲಬೇಕು ಎಂದು ಕಂಪನಿ ಹೇಳಿದರೆ ಡ್ಯೂಟಿ ಶುರುವಾದದ್ದು 7:45ಕ್ಕೆ. ಶಿಫ್ಟ್‌ನ ಶುರು ಸಮಯವನ್ನೂ ಹಾಗೇ ಹಾಕಬೇಕು.

ಊಟದ ಗಂಟೆ ತಾನಾಗಿ ಕಟ್ ಆಗುವುದು

ಮಧ್ಯಾಹ್ನ ಎಲ್ಲರೂ ಪಂಚ್ ಹೊಡೆಯಲು ಸಾಲು ನಿಂತರೆ ಊಟದ ಹೊತ್ತೇ ಮುಗಿದುಹೋಗುತ್ತದೆ. ಅದಕ್ಕೆ ಹೆಚ್ಚಿನ ಕಡೆ 1 ಗಂಟೆಯನ್ನು ಸಿಸ್ಟಂ ತಾನಾಗಿ ಕಳೆಯುತ್ತದೆ. ಇದು ಅನುಕೂಲವೇ. ಎರಡು ಸಂದರ್ಭದಲ್ಲಿ ಮಾತ್ರ ಅನ್ಯಾಯ ಆಗುತ್ತದೆ.

ಒಂದು, ಅರ್ಧ ದಿನ. ಬೆಳಿಗ್ಗೆ 8ಕ್ಕೆ ಬಂದವನಿಗೆ ಜ್ವರ ಬಂದು 12:15ಕ್ಕೆ ಕ್ಲಿನಿಕ್‌ಗೆ ಹೋದ. ದುಡಿದದ್ದು 4 ಗಂಟೆ 15 ನಿಮಿಷ. ಊಟವನ್ನೇ ಮಾಡದವನಿಗೆ 1 ಗಂಟೆ ಕಳೆದು 3 ಗಂಟೆ 15 ನಿಮಿಷ ಎಂದು ತೋರಿಸುತ್ತದೆ. ‘5 ಗಂಟೆ ಮೀರಿದರೆ ಮಾತ್ರ ಕಳೆ’ ಎಂಬ ಷರತ್ತು ಹಾಕಿದರೆ ಇದು ಸರಿಯಾಗುತ್ತದೆ.

ಎರಡು, ಊಟದ ಹೊತ್ತಿನಲ್ಲೂ ಕೆಲಸ. ಪೌಡರ್ ಕೋಟಿಂಗ್ ಓವನ್‌ನಲ್ಲಿ ಮಾಲು ಇದೆ, ಗ್ಯಾಲ್ವನೈಸಿಂಗ್ ಕೆಟಲ್‌ನ ಹತ್ತಿರ ಯಾರಾದರೂ ಇರಲೇಬೇಕು. ಅಂಥ ದಿನ ಫೋರ್‌ಮನ್ ‘ಬ್ರೇಕ್ ಆಗಿಲ್ಲ’ ಎಂದು ಗುರುತು ಹಾಕಿದರೆ ಆ ಗಂಟೆ ವಾಪಸ್ ಬರುವಂತೆ ಸಿಸ್ಟಂನಲ್ಲಿ ಒಂದು ಕೋಡ್ ಇರಬೇಕು. ಹಾಗೆಂದು ಇದು ದಿನಾ ನಡೆಯುವಂತಿಲ್ಲ. 5 ಗಂಟೆಗೆ ಮೊದಲು ಬ್ರೇಕ್ ಕೊಡುವುದು ಕಾನೂನು. ಒಂದೇ ಹೆಸರಿನ ಎದುರು ಈ ಕೋಡ್ ವಾರಕ್ಕೆ ಮೂರು ಸಲ ಬಂದರೆ ಅಲ್ಲಿಗೆ ಇನ್ನೊಬ್ಬ ಆಪರೇಟರ್ ಬೇಕು ಎಂದರ್ಥ.

ಓಟಿ: ಮಿತಿ ಬೇರೆ, ಕತ್ತರಿ ಬೇರೆ

ಕಾನೂನಿನಲ್ಲಿ ಓಟಿ ದಿನಕ್ಕೆ 2 ಗಂಟೆ ಎಂದಿದೆ. ಕೆಲವರು ಇದನ್ನು ಸಿಸ್ಟಂನಲ್ಲಿ ಹೀಗೆ ಹಾಕುತ್ತಾರೆ: ‘ಓಟಿ 2 ಗಂಟೆ ಮೀರಿದರೆ 2 ಎಂದೇ ತೋರಿಸು’. ಶಿಪ್‌ಮೆಂಟ್ ಅರ್ಜೆಂಟ್ ಇದ್ದ ದಿನ 3 ಗಂಟೆ ನಿಂತವನ ಒಂದು ಗಂಟೆ ಮಾಯ. ಕಡತದಲ್ಲಿ ಕಂಪನಿ ಕಾನೂನು ಪಾಲಿಸಿದಂತೆ ಕಾಣುತ್ತದೆ!

ಆ ಮಿತಿ ಇರುವುದು ಹೆಚ್ಚು ದುಡಿಸಬಾರದು ಎಂದು. ದುಡಿಸಿಯಾದ ಮೇಲೆ ಗಂಟೆಯನ್ನು ಅಳಿಸುವುದಕ್ಕೆ ಅಲ್ಲ. ಆದ್ದರಿಂದ ಇಲ್ಲಿ ಕತ್ತರಿಸುವ ನಿಯಮ ಬೇಡ, ಎಚ್ಚರಿಸುವ ನಿಯಮ ಬೇಕು. ಒಂದೂವರೆ ಗಂಟೆ ಓಟಿ ಆದಾಗ ಫೋರ್‌ಮನ್‌ಗೆ, 2 ಗಂಟೆ ದಾಟಿದಾಗ ಮ್ಯಾನೇಜರ್‌ಗೆ ಸೂಚನೆ ಹೋಗಲಿ. 3 ವಾರದ 144 ಗಂಟೆಗೂ ಹೀಗೇ ಒಂದು ವರದಿ ಇರಲಿ. ದುಡಿದ ಗಂಟೆ ಇದ್ದ ಹಾಗೆ ದಾಖಲಾಗಲಿ, ಅದಕ್ಕೆ ದುಡ್ಡೂ ಹೋಗಲಿ.

‘ಅನುಮತಿ ಇಲ್ಲದೆ ಓಟಿ ಇಲ್ಲ’ ಎಂಬ ನಿಯಮವೂ ಸಾಮಾನ್ಯ. ಸುಮ್ಮನೆ ಗೇಟಿನ ಹತ್ತಿರ ಕೂತವರ ಸಮಯ ಸೇರಬಾರದು ಎಂಬುದು ಅದರ ಉದ್ದೇಶ. ಸರಿಯೇ. ಆದರೆ ಫೋರ್‌ಮನ್ ಬಾಯಲ್ಲಿ ‘ನಿಲ್ಲು’ ಎಂದು ಹೇಳಿ, ಸಿಸ್ಟಂನಲ್ಲಿ ಅಪ್ರೂವ್ ಮಾಡಲು ಮರೆತರೆ ನಷ್ಟ ಯಾರಿಗೆ? ಅದಕ್ಕೆ ಅಪ್ರೂವ್ ಆಗದ ಓಟಿಯನ್ನು ಸಿಸ್ಟಂ ಅಳಿಸದೆ ‘ಬಾಕಿ’ ಪಟ್ಟಿಯಲ್ಲಿ ಇಡಬೇಕು. ಸಂಬಳದ ಲೆಕ್ಕ ಮುಚ್ಚುವ ಮೊದಲು ಆ ಪಟ್ಟಿ ಖಾಲಿಯಾಗಬೇಕು. ತಿರಸ್ಕರಿಸುವುದಾದರೆ ಕಾರಣ ಬರೆದು ತಿರಸ್ಕರಿಸಬೇಕು.

ದರದ ವಿಷಯ. ಡೇ ಡ್ಯೂಟಿಯ ಮೆಕ್ಯಾನಿಕ್‌ಗೆ ಮೆಷಿನ್ ಕೆಟ್ಟಿತೆಂದು ರಾತ್ರಿ 10ಕ್ಕೆ ಫೋನ್ ಬಂತು, 12ರವರೆಗೆ ದುಡಿದ. ಅವನ ಬೇಸಿಕ್ಕೂ 1,200 ಎಂದಿಟ್ಟರೆ ಆ 2 ಗಂಟೆಗೆ 15 ದಿರ್ಹಂ ಬರಬೇಕು. ಎಲ್ಲ ಓಟಿಗೂ 1.25 ಎಂದೇ ಹಾಕಿದ್ದರೆ 12.50 ಬರುತ್ತದೆ. ಇಲ್ಲಿ ನೋಡಬೇಕಾದ್ದು ‘ಶಿಫ್ಟ್ ನೌಕರ’ ಎಂಬ ಗುರುತು. ಸರದಿಯಂತೆ ಶಿಫ್ಟ್ ಬದಲಾಗುವವರಿಗೆ ಮಾತ್ರ ಅದು ಸಲ್ಲುತ್ತದೆ. ಇಡೀ ಫ್ಯಾಕ್ಟರಿಗೆ ಅದೇ ಗುರುತು ಹಾಕಿದರೆ ಯಾರಿಗೂ ರಾತ್ರಿ ದರ ಸಿಗುವುದಿಲ್ಲ.

‘ಓಟಿಗೆ ಅರ್ಹನಲ್ಲ’ ಎಂಬ ಗುರುತೂ ಹೀಗೆಯೇ. ಮಾಲೀಕರ ಅಧಿಕಾರ ಇರುವ ಮೇಲ್ವಿಚಾರಣಾ ಹುದ್ದೆಗಳನ್ನು ಗಂಟೆಯ ಮಿತಿಯಿಂದ ಹೊರಗಿಟ್ಟಿದ್ದಾರೆ. ನಾಲ್ಕು ಜನ ವೆಲ್ಡರ್‌ಗಳ ಮುಂದೆ ನಿಂತು ತಾನೂ ವೆಲ್ಡಿಂಗ್ ಮಾಡುವ ಚಾರ್ಜ್‌ಹ್ಯಾಂಡ್‌ಗೆ ವೀಸಾದಲ್ಲಿ ‘ಸೂಪರ್‌ವೈಸರ್’ ಎಂದಿದೆ ಎಂಬ ಒಂದೇ ಕಾರಣಕ್ಕೆ ಆ ಗುರುತು ಹಾಕುವುದು ಸರಿಯಲ್ಲ.

ಬಸ್ ಕೆಟ್ಟರೆ, ಬೆರಳು ಓದದಿದ್ದರೆ

ಕ್ಯಾಂಪಿನಿಂದ ಫ್ಯಾಕ್ಟರಿಗೆ ಬಸ್ಸಿನಲ್ಲಿ ಕಳೆಯುವ ಸಮಯ ಸಾಮಾನ್ಯವಾಗಿ ಕೆಲಸದ ಗಂಟೆಗೆ ಸೇರುವುದಿಲ್ಲ. ಆದರೆ ಯುಎಇ ನಿಯಮದಲ್ಲಿ ಮೂರು ವಿನಾಯಿತಿಗಳಿವೆ: ಹವಾಮಾನ ಇಲಾಖೆಯ ಎಚ್ಚರಿಕೆ ಇರುವ ಕೆಟ್ಟ ಹವೆ, ಕಂಪನಿ ಒದಗಿಸಿದ ವಾಹನ ಅಪಘಾತಕ್ಕೆ ಸಿಕ್ಕುವುದು ಅಥವಾ ದಾರಿಯಲ್ಲಿ ಕೆಡುವುದು, ಮತ್ತು ಕಾಂಟ್ರಾಕ್ಟ್‌ನಲ್ಲೇ ಒಪ್ಪಿಕೊಂಡಿರುವುದು. ಎಮಿರೇಟ್ಸ್ ರೋಡ್‌ನಲ್ಲಿ ಕಂಪನಿ ಬಸ್ ಕೆಟ್ಟು ನಿಂತು 50 ಜನ 8:50ಕ್ಕೆ ಬಂದರೆ ಅದು ಅವರ ಲೇಟ್ ಅಲ್ಲ. ಒಂದು ಬಸ್ಸಿನವರಿಗೆಲ್ಲ ಒಟ್ಟಿಗೆ ‘ಕಂಪನಿ ವಾಹನ ತಡ’ ಎಂಬ ಕೋಡ್ ಹಾಕಲು ಟೈಮ್ ಕೀಪರ್‌ಗೆ ಅಧಿಕಾರ ಕೊಡಿ. ಒಬ್ಬೊಬ್ಬರದ್ದಾಗಿ ತಿದ್ದಲು ಹೊರಟರೆ ಕೆಲವರದ್ದು ಬಿಟ್ಟುಹೋಗುವುದು ಖಂಡಿತ.

ಗ್ರೈಂಡಿಂಗ್, ಸಿಮೆಂಟ್, ಕೆಮಿಕಲ್ ಕೆಲಸದವರ ಬೆರಳ ಗೆರೆ ಸವೆದು ಮೆಷಿನ್ ಓದುವುದಿಲ್ಲ. ಅವರಿಗೆ ಕಾರ್ಡ್ ಅಥವಾ ಮುಖ ಗುರುತಿಸುವ ಮೆಷಿನ್ ಇರಲಿ. ನೂರಾರು ಜನರಿಗೆ ಒಂದೇ ಮೆಷಿನ್ ಇದ್ದರೆ ಕೊನೆಯವನು 8:10ಕ್ಕೆ ಪಂಚ್ ಹೊಡೆಯುತ್ತಾನೆ, ಗೇಟಿಗೆ ಅವನು ಬಂದದ್ದು 7:50ಕ್ಕೆ. ಇನ್ನೊಂದು ಮೆಷಿನ್ ಹಾಕಿ, ಇಲ್ಲವೇ ಗ್ರೇಸ್ ಹೆಚ್ಚಿಸಿ. ಎಲ್ಲ ಮೆಷಿನ್‌ಗಳ ಗಡಿಯಾರ ಸರ್ವರ್ ಜೊತೆ ಹೊಂದಿದೆಯೇ ಎಂದು ವಾರಕ್ಕೊಮ್ಮೆ ನೋಡಿ.

ಜಾಬ್ ಸಮಯಕ್ಕೆ ಬೇಕಾದ ಕೋಡ್‌ಗಳು

ಒಂದು ಆರ್ಡರಿಗೆ ನೇರವಾಗಿ ಸೇರುವ ಕೆಲಸ ‘ಡೈರೆಕ್ಟ್’. ಉಳಿದದ್ದು ‘ಇಂಡೈರೆಕ್ಟ್’. ಇಂಡೈರೆಕ್ಟ್‌ಗೆ ಕನಿಷ್ಠ ಇಷ್ಟು ಕೋಡ್ ಬೇಕು: ಮೆಟೀರಿಯಲ್‌ಗೆ ಕಾಯುವುದು, ಕ್ರೇನ್ ಅಥವಾ ಫೋರ್ಕ್‌ಲಿಫ್ಟ್‌ಗೆ ಕಾಯುವುದು, ಮೆಷಿನ್ ರಿಪೇರಿ, ಡ್ರಾಯಿಂಗ್ ಅಥವಾ ಇನ್‌ಸ್ಪೆಕ್ಷನ್‌ಗೆ ಕಾಯುವುದು, ಕ್ಲೀನಿಂಗ್, ಸೇಫ್ಟಿ ಮೀಟಿಂಗ್, ಟ್ರೈನಿಂಗ್. ಈ ಕೋಡ್‌ಗಳಿಲ್ಲದ ಕಡೆ ಕಾದ ಸಮಯವನ್ನೆಲ್ಲ ಫೋರ್‌ಮನ್ ಯಾವುದಾದರೂ ಜಾಬ್‌ಗೆ ತುರುಕುತ್ತಾನೆ. ಇಲ್ಲವಾದರೆ ಕೆಲಸಗಾರ ‘ಐಡಲ್’ ಎಂದು ವರದಿಯಲ್ಲಿ ಬರುತ್ತಾನೆ. ಮೊದಲನೆಯದರಿಂದ ಆರ್ಡರಿನ ಖರ್ಚು ಸುಳ್ಳಾಗುತ್ತದೆ, ಎರಡನೆಯದರಿಂದ ಮನುಷ್ಯನ ಹೆಸರು ಹಾಳಾಗುತ್ತದೆ.

ಒಬ್ಬ ಆಪರೇಟರ್ ಎರಡು ಮೆಷಿನ್ ನೋಡುತ್ತಿದ್ದರೆ ಅವನ 1 ಗಂಟೆಯನ್ನು ಎರಡು ಜಾಬ್‌ಗೂ ಅರ್ಧರ್ಧ ಹಂಚಬೇಕು. ಹಂಚುವ ನಿಯಮ ಹಾಕದಿದ್ದರೆ 8 ಗಂಟೆ ದುಡಿದವನಿಗೆ 16 ಗಂಟೆ ಜಾಬ್ ಸಮಯ ಬರುತ್ತದೆ. ಮೆಷಿನ್ ಸಮಯ ಮಾತ್ರ ಎರಡಕ್ಕೂ ಪೂರ್ತಿ ಸೇರಬೇಕು, ಮೆಷಿನ್‌ಗಳು ಎರಡೂ ಪೂರ್ತಿ ಓಡಿವೆ. ‘ಎಂಡ್’ ಒತ್ತಲು ಮರೆತು ಹೋದರೆ ಜಾಬ್ ರಾತ್ರಿಯಿಡೀ ಓಡುತ್ತಿರುತ್ತದೆ. ಗೇಟಿನಲ್ಲಿ ಪಂಚ್ ಔಟ್ ಆದ ಕೂಡಲೇ ಅವನ ತೆರೆದ ಜಾಬ್ ಮುಚ್ಚಿ, ಫೋರ್‌ಮನ್‌ನ ತಿದ್ದುವ ಪಟ್ಟಿಗೆ ಹೋಗಲಿ.

7:30 ಮತ್ತು 7.30

ಸಣ್ಣದಾಗಿ ಕಂಡರೂ ದೊಡ್ಡ ತಪ್ಪು ಇದು. ಕೆಲವು ಸಿಸ್ಟಂಗಳು ಗಂಟೆ-ನಿಮಿಷದಲ್ಲಿ ತೋರಿಸುತ್ತವೆ, ಕೆಲವು ಗಂಟೆಯ ನೂರನೇ ಭಾಗದಲ್ಲಿ. 7 ಗಂಟೆ 30 ನಿಮಿಷ ಅಂದರೆ 7.50 ಗಂಟೆ. ಹಾಜರಿ ಮೆಷಿನ್‌ನಿಂದ ಎಕ್ಸೆಲ್‌ಗೆ ಇಳಿಸಿ, ಅಲ್ಲಿಂದ ಸಂಬಳದ ಸಾಫ್ಟ್‌ವೇರ್‌ಗೆ ಕೈಯಿಂದ ತುಂಬಿಸುವವರು ಅವಸರದಲ್ಲಿ 7.30 ಎಂದು ಬರೆದರೆ 12 ನಿಮಿಷ ಹೋಗುತ್ತದೆ. ಓಟಿ 1 ಗಂಟೆ 45 ನಿಮಿಷವನ್ನು 1.45 ಎಂದು ಬರೆದರೆ ಅದು 1 ಗಂಟೆ 27 ನಿಮಿಷ ಆಗುತ್ತದೆ, 18 ನಿಮಿಷ ನಷ್ಟ. 26 ದಿನ ಹೀಗೇ ಆದರೆ ನಮ್ಮ ಹೆಲ್ಪರ್‌ಗೆ 48.75 ದಿರ್ಹಂ ಕಮ್ಮಿ. ಎಲ್ಲ ಕಡೆ ಒಂದೇ ರೀತಿ ಇರಲಿ, ಪೇ ಸ್ಲಿಪ್‌ನಲ್ಲಿ ‘ಗಂಟೆ:ನಿಮಿಷ’ ಎಂದು ಸ್ಪಷ್ಟವಾಗಿ ಬರಲಿ.

ತಿದ್ದಿದ್ದು ಯಾರು, ಯಾಕೆ?

ಪಂಚ್ ಮರೆಯುವುದು, ತಪ್ಪುವುದು ಇದ್ದದ್ದೇ. ತಿದ್ದಲು ಅವಕಾಶ ಬೇಕು, ಗುರುತು ಉಳಿಯದಂತೆ ತಿದ್ದಲು ಮಾತ್ರ ಅವಕಾಶ ಇರಬಾರದು. ಮೂಲ ಪಂಚ್ ಸಮಯ ಹಾಗೇ ಉಳಿದು, ಅದರ ಪಕ್ಕದಲ್ಲಿ ತಿದ್ದಿದ ಸಮಯ, ತಿದ್ದಿದವರ ಹೆಸರು, ತಾರೀಕು, ಕಾರಣ ಬರಬೇಕು. ತಿದ್ದುವವರೇ ಅಪ್ರೂವ್ ಮಾಡುವಂತೆ ಇಡಬೇಡಿ. ಇದು ಟೈಮ್ ಕೀಪರ್‌ಗೇ ರಕ್ಷಣೆ. ‘ನೀನೇ ಕಟ್ ಮಾಡಿದ್ದು’ ಎಂದು ಯಾರಾದರೂ ಬೆರಳು ತೋರಿಸಿದರೆ ದಾಖಲೆ ಉತ್ತರ ಹೇಳುತ್ತದೆ.

ಲೆಕ್ಕ ಮುಚ್ಚುವ ತಾರೀಕಿಗೆ ಎರಡು ದಿನ ಮೊದಲು ಪ್ರತಿಯೊಬ್ಬರ ಹಾಜರಿ ಶೀಟ್ ನೋಟಿಸ್ ಬೋರ್ಡ್‌ಗೋ ಮೊಬೈಲ್‌ಗೋ ಬರಲಿ. ಸಂಬಳ ಬಂದ ಮೇಲೆ ಜಗಳ ಮಾಡುವುದಕ್ಕಿಂತ ಮೊದಲೇ ನೋಡಿ ಹೇಳುವುದು ಎಲ್ಲರಿಗೂ ಒಳ್ಳೆಯದು. ಕೆಲಸ ಬಿಟ್ಟವರ ಕಡತವನ್ನೂ ಕಂಪನಿ ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಸಾಫ್ಟ್‌ವೇರ್ ಬದಲಿಸುವಾಗ ಹಳೆಯ ಪಂಚ್ ದಾಖಲೆ ಅಳಿಸಿಹೋಗದಂತೆ ನೋಡಿಕೊಳ್ಳಿ.

ಚಾಲೂ ಮಾಡುವ ಮೊದಲು ಈ ಹತ್ತು ದಿನ ಓಡಿಸಿ ನೋಡಿ

ಒಂದು ಸುಳ್ಳು ಹೆಸರು ಸೃಷ್ಟಿಸಿ ಕೆಳಗಿನ ಪಂಚ್‌ಗಳನ್ನು ತುಂಬಿಸಿ. ಡೇ ಶಿಫ್ಟ್ 8ರಿಂದ 5, ಊಟ 1 ಗಂಟೆ ಎಂದಿಟ್ಟುಕೊಳ್ಳಿ. ಉತ್ತರ ಹೀಗೇ ಬರಬೇಕು.

1. 7:52ಕ್ಕೆ ಇನ್, 5:04ಕ್ಕೆ ಔಟ್, ಓಟಿ ಹೇಳಿಲ್ಲ: 8 ಗಂಟೆ, ಓಟಿ ಇಲ್ಲ.
2. 8:06ಕ್ಕೆ ಇನ್: ನೀವು ಬರೆದಿಟ್ಟ ನಿಯಮದಂತೆ ಎಷ್ಟು ಕಟ್ ಆಗಬೇಕೋ ಅಷ್ಟೇ, ಒಂದು ನಿಮಿಷವೂ ಹೆಚ್ಚಲ್ಲ.
3. ಬಸ್ ಕೆಟ್ಟು 8:50ಕ್ಕೆ ಇನ್: ಕೋಡ್ ಹಾಕಿದ ಮೇಲೆ ಪೂರ್ತಿ 8 ಗಂಟೆ.
4. 12:15ಕ್ಕೆ ಜ್ವರ ಬಂದು ಔಟ್: 4 ಗಂಟೆ 15 ನಿಮಿಷ.
5. ನೈಟ್ ಶಿಫ್ಟ್ ರಾತ್ರಿ 8ರಿಂದ ಬೆಳಿಗ್ಗೆ 5, ಔಟ್ 7ಕ್ಕೆ: ಒಂದೇ ದಿನ, ಊಟ ಕಳೆದು 8 ಗಂಟೆ ಮತ್ತು ಓಟಿ 2 ಗಂಟೆ.
6. ಔಟ್ ಪಂಚ್ ಮರೆತದ್ದು: ಆಬ್ಸೆಂಟ್ ಅಲ್ಲ, ತಿದ್ದುವ ಪಟ್ಟಿಗೆ.
7. ವಾರದ ರಜೆಯಂದು 8ರಿಂದ 5: ಬದಲಿ ರಜೆ ಜಮೆ, ಇಲ್ಲವೇ ದಿನದ ಸಂಬಳ ಮತ್ತು 50 ಶೇಕಡಾ.
8. ರಂಜಾನ್ ದಿನ, ಊಟ ಕಳೆದು 8 ಗಂಟೆ ಕೆಲಸ: 6 ಗಂಟೆ ಮತ್ತು ಓಟಿ 2 ಗಂಟೆ.
9. ಮೆಷಿನ್ 2 ಗಂಟೆ ಕೆಟ್ಟ ದಿನ: ಹಾಜರಿ 8, ಜಾಬ್ 6, ರಿಪೇರಿ ಕೋಡ್ 2.
10. ಡೇ ಡ್ಯೂಟಿ ಮುಗಿಸಿ, ರಾತ್ರಿ 10ರಿಂದ 12ರವರೆಗೆ ಮತ್ತೆ ಕೆಲಸ: ಓಟಿ 2 ಗಂಟೆ, 50 ಶೇಕಡಾ ದರದಲ್ಲಿ.

ಹತ್ತೂ ಸರಿ ಬಂದ ಮೇಲೆ ಒಂದು ತಿಂಗಳು ಹಳೆಯ ಪದ್ಧತಿ, ಹೊಸ ಪದ್ಧತಿ ಎರಡರಲ್ಲೂ ಲೆಕ್ಕ ಮಾಡಿ ಹೋಲಿಸಿ. ನಿಯಮಗಳನ್ನು ಒಂದೇ ಪುಟದಲ್ಲಿ ಬರೆದು ಹಿಂದಿ, ಮಲಯಾಳಂ, ಕನ್ನಡ, ಉರ್ದು ಹೀಗೆ ಜನ ಓದುವ ಭಾಷೆಯಲ್ಲಿ ಅಂಟಿಸಿ.

ಕೆಲಸಗಾರರು ಏನು ಮಾಡಬಹುದು?

ನಿಮ್ಮದೇ ಒಂದು ಸಣ್ಣ ನೋಟ್ ಪುಸ್ತಕದಲ್ಲಿ ಅಥವಾ ಮೊಬೈಲ್‌ನಲ್ಲಿ ದಿನಾ ಇನ್, ಔಟ್, ಓಟಿ ಹೇಳಿದವರ ಹೆಸರು ಬರೆದಿಡಿ. ಬ್ಯಾಂಕಿಗೆ ಸಂಬಳ ಬಂತು, ಡಬ್ಲ್ಯೂಪಿಎಸ್ ಸರಿ ಇದೆ ಎಂದ ಮಾತ್ರಕ್ಕೆ ಗಂಟೆ ಸರಿ ಇದೆ ಎಂದಲ್ಲ. ಡಬ್ಲ್ಯೂಪಿಎಸ್‌ಗೆ ಹೋಗುವುದು ಮೊತ್ತ, ನಿಮ್ಮ ಪಂಚ್ ಅಲ್ಲ.

ವ್ಯತ್ಯಾಸ ಕಂಡರೆ ಮೊದಲು ಟೈಮ್ ಆಫೀಸಿಗೆ ಹೋಗಿ ಹೀಗೆ ಕೇಳಿ: “ಸರ್, ಈ ತಾರೀಕಿನ ಮೂಲ ಪಂಚ್ ತೋರಿಸಿ, ಯಾವ ನಿಯಮದಲ್ಲಿ ಕಟ್ ಆಯ್ತು ಹೇಳಿ.” ಇಡೀ ತಿಂಗಳದ್ದು ಕೇಳಬೇಡಿ, ಒಂದು ತಾರೀಕು ಹಿಡಿದು ಕೇಳಿ. ಒಂದು ದಿನದ ತಪ್ಪು ಸಿಕ್ಕರೆ ಉಳಿದದ್ದು ತಾನಾಗಿ ಹೊರಬರುತ್ತದೆ. ಆಮೇಲೆ ಎಚ್‌ಆರ್‌ಗೆ ಬರಹದಲ್ಲಿ ಕೊಡಿ. ಅಲ್ಲೂ ಆಗದಿದ್ದರೆ ಯುಎಇಯಲ್ಲಿ ಮೊಹ್ರೆ ಎಂದು ಕರೆಯುವ ಕಾರ್ಮಿಕ ಸಚಿವಾಲಯದ ಆ್ಯಪ್‌ನಲ್ಲಿ ಅಥವಾ 80084ಕ್ಕೆ ಕರೆ ಮಾಡಿ ದೂರು ಕೊಡಬಹುದು. ಭಾರತೀಯರಿಗೆ ಸಲಹೆಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 800 46342 ಇದೆ. 2024ರ ತಿದ್ದುಪಡಿಯ ಪ್ರಕಾರ ಕೆಲಸ ಮುಗಿದ ದಿನದಿಂದ 2 ವರ್ಷ ದಾಟಿದರೆ ದಾವೆ ಹೂಡಲು ಬರುವುದಿಲ್ಲ. ಊರಿಗೆ ಹೋದ ಮೇಲೆ ನೋಡೋಣ ಎಂದು ಬಿಡಬೇಡಿ.

ಬೇರೆ ಗಲ್ಫ್ ದೇಶಗಳ ಅಂಕಿಗಳು

- ಸೌದಿ: ವಾರಕ್ಕೆ 48 ಗಂಟೆ. ರಂಜಾನ್‌ನಲ್ಲಿ ಮುಸ್ಲಿಂ ನೌಕರರಿಗೆ ದಿನಕ್ಕೆ 6, ವಾರಕ್ಕೆ 36. ಓಟಿಗೆ ಗಂಟೆಯ ಸಂಬಳದ ಮೇಲೆ ಬೇಸಿಕ್‌ನ 50 ಶೇಕಡಾ. 5 ಗಂಟೆಗೆ ಮೊದಲು ಕನಿಷ್ಠ ಅರ್ಧ ಗಂಟೆ ಬ್ರೇಕ್.
- ಕತಾರ್: ವಾರಕ್ಕೆ 48, ರಂಜಾನ್‌ನಲ್ಲಿ 36. ಓಟಿಗೆ ಕನಿಷ್ಠ 25 ಶೇಕಡಾ. ಓಟಿ ಸೇರಿ ದಿನಕ್ಕೆ 10 ಗಂಟೆ ಮಿತಿ.
- ಕುವೈತ್: ವಾರಕ್ಕೆ 48, ರಂಜಾನ್‌ನಲ್ಲಿ 36. ಓಟಿಗೆ 25 ಶೇಕಡಾ. ಓಟಿ ದಿನಕ್ಕೆ 2 ಗಂಟೆ, ವರ್ಷಕ್ಕೆ 180 ಗಂಟೆ ಮಿತಿ.
- ಒಮಾನ್: 2023ರ ಕಾನೂನಿನಂತೆ ದಿನಕ್ಕೆ 8, ವಾರಕ್ಕೆ 40 ಗಂಟೆ. ಓಟಿಗೆ ಹಗಲು 25, ರಾತ್ರಿ 50 ಶೇಕಡಾ.
- ಬಹರೈನ್: ವಾರಕ್ಕೆ 48. ಓಟಿಗೆ ಹಗಲು 25, ರಾತ್ರಿ 50 ಶೇಕಡಾ.

ಒಂದೇ ಕಂಪನಿಯ ಶಾಖೆ ಎರಡು ದೇಶದಲ್ಲಿದ್ದರೆ ದುಬೈಯ ಸೆಟ್ಟಿಂಗ್ ಅನ್ನೇ ಮಸ್ಕತ್‌ಗೆ ಕಾಪಿ ಮಾಡಿದರೆ ಒಮಾನ್‌ನವರ ವಾರಕ್ಕೆ 8 ಗಂಟೆ ಓಟಿ ಸಾಮಾನ್ಯ ಗಂಟೆಯಲ್ಲೇ ಕರಗಿಹೋಗುತ್ತದೆ. ದೇಶಕ್ಕೊಂದು ನಿಯಮದ ಗುಂಪು ಮಾಡಿ.

ಕೊನೆಗೆ ಟೈಮ್ ಆಫೀಸಿನಲ್ಲಿ ಕೂತಿರುವ ನಮ್ಮವರಿಗೆ ಒಂದು ಮಾತು. ಮುಂದಿನ ಸಲ ಯಾರಾದರೂ ಕಿಟಕಿಗೆ ಬಂದು ಓಟಿ ಕೇಳಿದಾಗ “ಸಿಸ್ಟಂನಲ್ಲಿ ಹಾಗೇ ಬಂದದ್ದು” ಎಂದು ಕಳಿಸಬೇಡಿ. ಆ ದಿನದ ಪಂಚ್ ತೆಗೆದು, ಕಟ್ ಆದದ್ದು ಯಾವ ನಿಯಮದಿಂದ ಎಂದು ಒಟ್ಟಿಗೆ ನೋಡಿ. ನಿಯಮ ಸರಿ ಇದ್ದರೆ ಅವರಿಗೆ ಅರ್ಥವಾಗುತ್ತದೆ. ತಪ್ಪಿದ್ದರೆ ಅವರೊಬ್ಬರದ್ದಷ್ಟೇ ಅಲ್ಲ, ಇಡೀ ಫ್ಯಾಕ್ಟರಿಯ ಸಂಬಳ ಸರಿಯಾಗುತ್ತದೆ.